ಟೇಲರ್ ಎಂಬ ಹುಡುಗಿ: ಕಸುಬಿನ ಹೆಸರು ತೊಟ್ಟಿಲಿಗೆ ಬಂದದ್ದು ಹೇಗೆ?

ಗೆಳೆಯರೆ, ಒಂದು ಪದದ ಬೆನ್ನು ಹತ್ತಿದ್ದೇನೆ. ಅರ್ಧ ದಾರಿ ಹೇಗೋ ಬಂದೆ. ಉಳಿದರ್ಧಕ್ಕೆ ನಿಮ್ಮ ನೆರವು ಬೇಕು.

ಶುರುವಾದದ್ದು ಹೀಗೆ. ನ್ಯೂಜೆರ್ಸಿಯಲ್ಲಿರುವ ತಂಗಿ ಮೊನ್ನೆ ಭಾನುವಾರ ವಿಡಿಯೋ ಕಾಲ್ ಮಾಡಿದ್ದಳು. ಮಗಳ ಹುಟ್ಟುಹಬ್ಬ. ಮಗಳು ತನ್ನ ಗೆಳತಿಯರನ್ನು ಒಬ್ಬೊಬ್ಬರಾಗಿ ತೋರಿಸುತ್ತಾ, "ಅಜ್ಜಿ, ಇವಳು ಟೇಲರ್" ಅಂದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಫೋನಿನೊಳಗೆ ಇಣುಕಿದರು. "ಅಯ್ಯೋ, ಇಷ್ಟು ಚಿಕ್ಕ ಹುಡುಗಿ, ಈಗ್ಲೇ ಹೊಲಿಗೆ ಕಲಿತಿದ್ದಾಳಾ?" ಹೆಸರೇ ಟೇಲರ್ ಅಂತ ತಂಗಿ ಬಿಡಿಸಿ ಹೇಳಿದಳು. ಅಮ್ಮನಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ಅವರಪ್ಪ ಹೊಲೀತಾನೆ ಅನ್ಸುತ್ತೆ."

ನಾವೆಲ್ಲ ನಕ್ಕೆವು. ಆದರೆ ಏಳು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಅಮ್ಮ ಇದೇ ಮಾತು ಆಡಿದ್ದರೆ ಯಾರೂ ನಗುತ್ತಿರಲಿಲ್ಲ. ಆಗ ಒಂದೇ ಊರಲ್ಲಿ ನಾಲ್ಕು ಜಾನ್, ಐದು ವಿಲಿಯಂ ಇರುತ್ತಿದ್ದರು. ಯಾವ ಜಾನ್ ಎಂದರೆ ಬಟ್ಟೆ ಹೊಲಿಯೋ ಜಾನ್, ಕುಲುಮೆ ಜಾನ್, ಗಿರಣಿ ಜಾನ್. 13, 14ನೇ ಶತಮಾನದ ಹೊತ್ತಿಗೆ ಈ ಗುರುತುಗಳು ಅಪ್ಪನಿಂದ ಮಗನಿಗೆ ಇಳಿಯುವ ಮನೆತನದ ಹೆಸರುಗಳಾದವು. ಆಮೇಲೆ ಮಗ ಬ್ರೆಡ್ ಸುಟ್ಟರೂ ಟೇಲರ್, ಮೊಮ್ಮಗ ಕುರಿ ಕಾಯ್ದರೂ ಟೇಲರ್. ಈಗ ಅಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರುಗಳಲ್ಲಿ ಇದೂ ಒಂದು.

ಪದದ ಮೂಲಕ್ಕೆ ಹೋದರೆ ಇನ್ನೂ ಸ್ವಾರಸ್ಯವಿದೆ. ಟೇಲರ್ ಎಂದರೆ ಹೊಲಿಯುವವನಲ್ಲ, ಕತ್ತರಿಸುವವನು. ನಾರ್ಮನ್ನರ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ ಇದು. ಹಿಂದಿರುವ ಲ್ಯಾಟಿನ್ 'ತಾಲಿಯಾರೆ'ಗೆ ಸೀಳು, ಕತ್ತರಿಸು ಎಂಬ ಅರ್ಥ. ನಾವು ದಿನಾ ಆಡುವ ರೀಟೇಲ್, ಡೀಟೇಲ್ಸ್ ಎರಡೂ ಇದೇ ಬಳ್ಳಿಯ ಕಾಯಿಗಳು. ರೀಟೇಲ್ ಎಂದರೆ ದೊಡ್ಡ ತಾನಿನಿಂದ ತುಂಡು ಕತ್ತರಿಸಿ ಮಾರುವುದು. ಡೀಟೇಲ್ಸ್ ಎಂದರೆ ಒಂದು ವಿಷಯವನ್ನು ತುಂಡು ತುಂಡಾಗಿ ಬಿಡಿಸಿ ಹೇಳುವುದು.

ಹೊಲಿಯುವವನಿಗೆ ಕತ್ತರಿಸುವವನು ಅನ್ನುವ ಹೆಸರು ಯಾಕೆ? ಇದಕ್ಕೆ ಉತ್ತರ ನಿಘಂಟಿಗಿಂತ ಚೆನ್ನಾಗಿ ನಮ್ಮ ಬೀದಿಯ ಟೇಲರ್ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ಮೂರು ಮಿಷನ್ನುಗಳ ಮುಂದೆ ಮೂವರು ಹುಡುಗರು ಕೂತು ಹೊಲಿಯುತ್ತಾರೆ. ಮುಂದಿನ ಎತ್ತರದ ಮೇಜಿನ ಹಿಂದೆ, ಕೊರಳಿಗೆ ಟೇಪು ಹಾಕಿಕೊಂಡು ಕಟಿಂಗ್ ಮಾಸ್ಟರ್ ನಿಂತಿರುತ್ತಾರೆ. ಅಳತೆ ತೆಗೆಯುವವರು ಅವರು. ಚಾಕ್‌ಪೀಸಿನಲ್ಲಿ ಗೆರೆ ಹಾಕಿ ಕತ್ತರಿ ಆಡಿಸುವವರೂ ಅವರೇ. ಆ ಕತ್ತರಿಯನ್ನು ಹುಡುಗರು ಮುಟ್ಟುವ ಹಾಗಿಲ್ಲ. ಯಾಕೆ ಎಂದು ಕೇಳಿದೆ. "ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು ಸಾರ್, ಕಟಿಂಗ್ ತಪ್ಪಿದ್ರೆ ಬಟ್ಟೆ ಹೋಯ್ತು" ಅಂದರು. ಕಸುಬಿನ ಹೆಸರು ಕತ್ತರಿಯ ಕಡೆಗೆ ವಾಲಿದ್ದು ಇದಕ್ಕೇ ಇರಬೇಕು ಅಂತ ನನ್ನ ಊಹೆ.

ಜರ್ಮನ್ನರೂ ಕತ್ತರಿಯನ್ನೇ ಹಿಡಿದಿದ್ದಾರೆ. ನಮ್ಮ ಮನೆಗಳ ಸ್ವಿಚ್ಚಿನ ಮೇಲೆ ಕಾಣುವ 'ಶ್ನೈಡರ್' ಕೂಡ ಮೂಲದಲ್ಲಿ ದರ್ಜಿಯ ಮನೆತನದ ಹೆಸರೇ. ಅದರ ಅರ್ಥವೂ ಕತ್ತರಿಸುವವನು. ಪಾರಸಿಯವರು ಮಾತ್ರ ಹೊಲಿಗೆ ನೋಡಿದರು. 'ದರ್ಜ್' ಎಂದರೆ ಬಟ್ಟೆ ಕೂಡಿಸಿದ ಗೆರೆ, ಅದರಿಂದ ದರ್ಜಿ. ಸಂಸ್ಕೃತ ಸೂಜಿಯನ್ನು ನೋಡಿತು. 'ಸೂಚಿ'ಯಿಂದ ಸೌಚಿಕ. ಕತ್ತರಿ, ಹೊಲಿಗೆ, ಸೂಜಿ ಮೂರೂ ಹಂಚಿಹೋದವು ನೋಡಿ. ಕನ್ನಡದಲ್ಲಿ ಚಿಪ್ಪಿಗ, ಸಿಂಪಿಗ ಎಂಬ ಪದಗಳಿದ್ದರೂ ನಾವು ದರ್ಜಿ ಅಂದೆವು, ಈಗ ಅದನ್ನೂ ಬಿಟ್ಟು ಟೇಲರ್ ಅನ್ನುತ್ತೇವೆ.

ಇಂಗ್ಲಿಷಿನಲ್ಲಿ ಇನ್ನೊಂದು ಅನುಕೂಲವಿದೆ. ಕಸುಬಿನ ಟೇಲರನ್ನು 'ಐ' ಅಕ್ಷರ ಹಾಕಿ ಬರೆಯುತ್ತಾರೆ, ಹೆಸರಿನ ಟೇಲರನ್ನು 'ವೈ' ಹಾಕಿ. ಕಸುಬಿನ ಪದ ಕಾಲಕ್ಕೆ ತಕ್ಕ ಹಾಗೆ ಬರಹ ಬದಲಿಸಿಕೊಂಡಿತು, ಹೆಸರು ಹಳೆಯ ಬರಹದಲ್ಲೇ ನಿಂತಿತು. ಕಾಗದದ ಮೇಲೆ ನೋಡಿದರೆ ಸೂಜಿ ದಾರ ತಟ್ಟನೆ ನೆನಪಾಗುವುದಿಲ್ಲ. ಕನ್ನಡ ಲಿಪಿಯಲ್ಲಿ ಆ ಪರದೆ ಇಲ್ಲ. ನಮಗೆ ಎರಡೂ ಟೇಲರ್. ಅಮ್ಮ ಎಡವಿದ್ದು ಅಲ್ಲೇ.

ಇನ್ನು ಮನೆತನದ ಹೆಸರು ಮಗುವಿನ ಹೆಸರಾದ ಕಥೆ. ಇದು ಹೊಸ ಫ್ಯಾಷನ್ ಅಂದುಕೊಂಡಿದ್ದೆ. ಅಲ್ಲವಂತೆ. ಇಂಗ್ಲೆಂಡಿನಲ್ಲಿ ಮನೆತನದ ಹೆಸರನ್ನು ಮಕ್ಕಳಿಗೆ ಇಡುವ ರೂಢಿಯ ಬಗ್ಗೆ ವಿಲಿಯಂ ಕ್ಯಾಮ್ಡನ್ ಎಂಬ ಇತಿಹಾಸಕಾರ 1605ರಲ್ಲೇ ಬರೆದಿದ್ದಾನೆ. ತಾಯಿಯ ತವರಿನ ಹೆಸರು ಅಳಿಯಬಾರದೆಂದು ಅದನ್ನು ಮಗನಿಗೆ ಇಡುವುದು ಉಳ್ಳವರ ಮನೆಗಳಲ್ಲಿ ನಡೆದುಬಂದ ಪದ್ಧತಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಜಾಸ್ತಿ. ಹಾಗಾಗಿ ಮೊದಮೊದಲು ಈ ಹೆಸರು ಗಂಡುಮಕ್ಕಳದು.

ಹುಡುಗಿಯರ ಕಡೆ ಹೊರಳಿದ್ದು ತೀರಾ ಈಚೆಗೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲಾಖೆ 1880ರಿಂದ ಈಚಿನ ಮಕ್ಕಳ ಹೆಸರುಗಳ ಪಟ್ಟಿ ಕೊಡುತ್ತದೆ. ಅದನ್ನು ನೋಡುತ್ತಾ ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ, ಎಚ್ಚರ! 1990ರ ದಶಕದ ನಡುವಿಗೆ ಟೇಲರ್ ಹುಡುಗಿಯರ ಮೊದಲ ಹತ್ತು ಹೆಸರುಗಳಲ್ಲಿದೆ. ಅದೇ ಹೊತ್ತಿಗೆ ಹುಡುಗರ ಮೊದಲ ನೂರರಲ್ಲೂ ಇದೆ. ಗಾಯಕಿ ಟೇಲರ್ ಸ್ವಿಫ್ಟ್ ಹುಟ್ಟಿದ್ದು 1989ರಲ್ಲಿ, ನಟ ಟೇಲರ್ ಲಾಟ್ನರ್ 1992ರಲ್ಲಿ.

ಸ್ವಿಫ್ಟ್‌ಳಿಂದಲೇ ಈ ಹೆಸರು ಹಬ್ಬಿತು ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ವಾದಕ್ಕೇ ಕೂತರು. ಲೆಕ್ಕ ತಿರುಗುಮುರುಗಾಗಿದೆ. ಅವಳಿಗೆ ಆ ಹೆಸರಿಟ್ಟದ್ದು ಜೇಮ್ಸ್ ಟೇಲರ್ ಎಂಬ ಗಾಯಕನ ಮೇಲಿನ ಅಭಿಮಾನಕ್ಕೆ, ಅಂದರೆ ಅವನ ಮನೆತನದ ಹೆಸರು ಇವಳ ಹೆಸರಾಯಿತು. ಅವಳ ಮೊದಲ ಆಲ್ಬಂ ಬಂದದ್ದು 2006ರಲ್ಲಿ. ಅಷ್ಟರೊಳಗೆ ಹೆಸರು ಮೊದಲ ಹತ್ತರಿಂದ ಜಾರಿತ್ತು. ಅವಳು ಜಗತ್ತಿಗೆಲ್ಲ ಗೊತ್ತಾದ ಮೇಲೂ ಇಳಿಯುತ್ತಲೇ ಹೋಯಿತು.

ಇದೇ ದಾರಿಯಲ್ಲಿ ಬಂದವರು ಇನ್ನೂ ಇದ್ದಾರೆ. ಟೈಲರ್ ಹೆಂಚು ಹೊದಿಸುವವನು, ಕೂಪರ್ ಪೀಪಾಯಿ ಮಾಡುವವನು, ಕಾರ್ಟರ್ ಗಾಡಿ ಹೊಡೆಯುವವನು. ಮೇಸನ್ ಕಲ್ಲುಕೆಲಸದವನು, ಈ ಹೆಸರು 2011ರಲ್ಲಿ ಅಮೆರಿಕದ ಹುಡುಗರ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತ್ತು. ನಮ್ಮ ಮೇಸ್ತ್ರಿಯೂ ಮೇಸನ್ನಿನಿಂದಲೇ ಬಂದದ್ದಾ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅಲ್ಲ. ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'. ಇಷ್ಟೆಲ್ಲ ಹೆಸರು ತೊಟ್ಟಿಲು ಸೇರಿದರೂ, ಎಲ್ಲಕ್ಕಿಂತ ದೊಡ್ಡ ಮನೆತನವಾದ ಸ್ಮಿತ್ ಮಾತ್ರ ಸೇರಲಿಲ್ಲ. ನಮ್ಮ ಸ್ಮಿತಾ ಬೇರೆ ಬಿಡಿ, ಅವಳದು ನಗು, ಕುಲುಮೆಯಲ್ಲ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಉತ್ತರ ಕರ್ನಾಟಕದಲ್ಲಿ ಕಸುಬಿನ ಅಡ್ಡಹೆಸರುಗಳಿಗೆ ಬರವಿಲ್ಲ. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಸಿಂಪಿ. ಆದರೆ ತೊಟ್ಟಿಲಲ್ಲಿ ಕೂಸನ್ನಿಟ್ಟು ಕಿವಿಯಲ್ಲಿ 'ಪತ್ತಾರ' ಎಂದು ಕರೆದದ್ದನ್ನು ನಾನು ಕೇಳಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಟೇಲರ್ ಎಂದರೆ ಈಗ ಬರೀ ಇಂಪಾದ ಒಂದು ಶಬ್ದ. ಇಲ್ಲಿ ಬಡಿಗೇರ ಅಂದ ತಕ್ಷಣ ಕೇಳಿದವರ ತಲೆಯಲ್ಲಿ ಜಾತಿಯ ಲೆಕ್ಕ ಶುರುವಾಗುತ್ತದೆ. 12ನೇ ಶತಮಾನದ ಶರಣರು ಕಾಯಕವನ್ನೇ ಹೆಸರಿನ ಮುಂದೆ ಹೊತ್ತು ತಿರುಗಿದರು. ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ. ನಮ್ಮ ಟೇಲರ್ ಚರ್ಚೆಗೆ ಹೇಳಿ ಮಾಡಿಸಿದಂತೆ ಸೂಜಿಕಾಯಕದ ರಾಮಿತಂದೆಯೂ ಇದ್ದಾರೆ. ನಾವು ಚೌಡಯ್ಯ, ಅಪ್ಪಣ್ಣ ಎಂದು ಹೆಸರಿಟ್ಟೆವು. ಅಂಬಿಗ, ಹಡಪದ ಅನ್ನುವುದನ್ನು ಅಲ್ಲೇ ಬಿಟ್ಟೆವು.

ಒಂದು ಹೆಸರು ಮಾತ್ರ ನನ್ನ ಈ ಲೆಕ್ಕ ಕೆಡಿಸುತ್ತಿದೆ. ಮಡಿವಾಳಪ್ಪ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆ ಇದು ಮಕ್ಕಳಿಗೇ ಇಡುವ ಹೆಸರು, ಅದೂ ತಲೆಮಾರಿನಿಂದ ಬಟ್ಟೆ ಒಗೆಯುವ ಕಸುಬು ಮಾಡದ ಮನೆಗಳಲ್ಲಿ. ತತ್ವಪದಗಳ ಕಡಕೋಳ ಮಡಿವಾಳಪ್ಪನವರ ಹೆಸರು ನಿಮಗೆ ಗೊತ್ತೇ ಇದೆ. ಗರಗದ ಮಡಿವಾಳೇಶ್ವರರಿಗೆ ನಡೆದುಕೊಳ್ಳುವ ಮನೆಗಳಲ್ಲೂ ಈ ಹೆಸರು ಕೇಳಿದ್ದೇನೆ. ಟೇಲರ್‌ಗೆ ಕಾಲ ಮತ್ತು ಒಂದು 'ವೈ' ಅಕ್ಷರ ಮಾಡಿಕೊಟ್ಟ ಕೆಲಸವನ್ನು ಮಡಿವಾಳಪ್ಪನಿಗೆ ಭಕ್ತಿ ಮಾಡಿಕೊಟ್ಟಿತಾ?

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ ಮಡಿವಾಳಪ್ಪನ ಹಾಗೆ ಕಸುಬಿನ ಪದವೇ ಮಗುವಿನ ಹೆಸರಾದದ್ದು ಬೇರೆ ಯಾವುದಾದರೂ ಇದೆಯಾ? ಹೆಣ್ಣುಮಕ್ಕಳ ಹೆಸರು ಸಿಕ್ಕರೆ ಇನ್ನೂ ಒಳ್ಳೆಯದು. ಹಾಗೆಯೇ, ನಿಮ್ಮೂರಲ್ಲಿ ಬಟ್ಟೆ ಹೊಲಿಯುವವರನ್ನು ಸಿಂಪಿಗ ಅಥವಾ ಚಿಪ್ಪಿಗ ಎಂದು ಕರೆಯುವವರು ಇನ್ನೂ ಇದ್ದಾರಾ? ಇದ್ದರೆ ಊರು, ತಾಲ್ಲೂಕು ಬರೆಯಿರಿ.

ಅಮ್ಮ ನಿನ್ನೆ ಮತ್ತೆ ಫೋನಿನಲ್ಲಿ ಆ ಹುಡುಗಿಯನ್ನು ವಿಚಾರಿಸಿಕೊಂಡರು. "ನಿನ್ನ ಫ್ರೆಂಡು, ಆ ಲೇಡೀಸ್ ಟೇಲರ್, ಚೆನ್ನಾಗಿದ್ದಾಳಾ?"