ಗಂಡ-ಹೆಂಡತಿ ಸೇರಿ ಮಾಡುವ ಹವ್ಯಾಸ ಯಾವುದು? ಹುಬ್ಬಳ್ಳಿ-ಧಾರವಾಡ, ಗದಗ ಕಡೆಯವರು ಅನುಭವ ಹೇಳಿ

ವಿದ್ಯಾನಗರ ಟೀಚರ್ (ಕೇಳಿದವರು)
ಎಲ್ಲರಿಗೂ ನಮಸ್ಕಾರ. ಮಗ ಹಾಸ್ಟೆಲ್‌ಗೆ ಹೋದ ಮೇಲೆ ನಮ್ಮ ಸಂಜೆಗಳು, ಭಾನುವಾರಗಳು ಖಾಲಿಯಾಗಿವೆ. ಇಬ್ಬರೂ ಒಂದೊಂದು ಮೊಬೈಲ್ ಹಿಡಿದು ಕೂರುತ್ತೇವೆ. ಜೊತೆಯಾಗಿ ಏನಾದರೂ ಶುರು ಮಾಡಬೇಕು ಅಂತ ಮಾತಾಡಿಕೊಂಡಿದ್ದೇವೆ. ನಮ್ಮವರಿಗೆ ಹಕ್ಕಿಗಳ ಫೋಟೋ ತೆಗೆಯುವ ಆಸೆ, ನನಗೆ ಹಿಂದೂಸ್ತಾನಿ ಗಾಯನ ಕಲಿಯುವ ಆಸೆ. 40 ಸಾವಿರ ಎತ್ತಿಟ್ಟಿದ್ದೇವೆ. ನನಗೆ ಮೊಣಕಾಲು ನೋವಿದೆ. ಮನೆಯಲ್ಲಿ ಅತ್ತೆ ಇದ್ದಾರೆ, ರಾತ್ರಿ ಹೊರಗೆ ಉಳಿಯಲು ಆಗುವುದಿಲ್ಲ. ಮಾಡಿ ನೋಡಿದವರು ಹೇಳಿ.

ಗದಗ ಕ್ಯಾಮೆರಾ
ಫೋಟೋಗ್ರಫಿಗೆ 40 ಸಾವಿರ ಎಲ್ಲಿಗೂ ಸಾಲುವುದಿಲ್ಲ. ನನ್ನ ಲೆಕ್ಕ ಹೇಳುತ್ತೇನೆ ಕೇಳಿ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ 38 ಸಾವಿರ. ದೂರದ್ದನ್ನು ಹತ್ತಿರ ತರುವ 150-600 ಎಂಎಂ ಲೆನ್ಸ್, ಅದೂ ಸೆಕೆಂಡ್ ಹ್ಯಾಂಡ್, 62 ಸಾವಿರ. ಟ್ರೈಪಾಡ್ 6,500. ಕಾರ್ಡು, ಎಕ್ಸ್‌ಟ್ರಾ ಬ್ಯಾಟರಿ, ಬ್ಯಾಗು ಸೇರಿ ಇನ್ನೊಂದು 9 ಸಾವಿರ. ಆಮೇಲೆ ಮಳೆಗಾಲ ಬಂತು. ಬ್ಯಾಗಿನಲ್ಲೇ ಇಟ್ಟಿದ್ದ ಲೆನ್ಸಿನೊಳಗೆ ಜೇಡರ ಬಲೆ ಥರ ಬಿಳಿ ಎಳೆ ಹಬ್ಬಿತು. ಫಂಗಸ್. ಬೆಂಗಳೂರಿಗೆ ಕಳಿಸಿದೆ. ಕ್ಲೀನಿಂಗ್‌ಗೆ 7,200, ಕೊರಿಯರ್ ಬೇರೆ. ವಾಪಸ್ ಬಂದಾಗ ಫೋಕಸ್ ರಿಂಗ್ ಬಿಗಿ. ಮತ್ತೆ ಕಳಿಸಿದೆ, ಮತ್ತೆ 1,800. ಈಗ ತೇವ ತಡೆಯುವ ಡ್ರೈ ಕ್ಯಾಬಿನೆಟ್ ತಂದಿದ್ದೇನೆ, 9,400.

ಆದರೂ ಬಿಡುವ ಮಾತೇ ಇಲ್ಲ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿ ನೋಡಿ. ಶಿರಹಟ್ಟಿ ತಾಲ್ಲೂಕಿನ ಸಣ್ಣ ಊರು ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ವಾಪಸ್ ಬರುತ್ತವೆ. ಸಾಲು ಸಾಲಾಗಿ ಇಳಿಯುವಾಗ ಆಗುವ ಸದ್ದು ಎದೆಗೇ ಬಡಿಯುತ್ತದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಜಿಲ್ಲೆಗೆ ಇದಕ್ಕಿಂತ ಹೆಮ್ಮೆ ಬೇರೆ ಏನು ಬೇಕು? ಮನೆಯವರು ಮೊದಲೆಲ್ಲ ಜೊತೆಗೆ ಬರುತ್ತಿದ್ದರು, ಈಗ ಬರುವುದಿಲ್ಲ. ಅವರಿಗೆ ಕಾಯುವುದು ಆಗಿ ಬರಲಿಲ್ಲ.

ನವನಗರದ ಬೈನಾಕ್ಯುಲರ್
ಗದಗದ ಸರ್, ಬೇಜಾರಾದರೂ ಹೇಳುತ್ತೇನೆ. ಮಾಗಡಿ ದಂಡೆಯಲ್ಲಿ ಕ್ಯಾಮೆರಾದವರು ನೀರಿನ ಅಂಚಿನ ತನಕ ನುಗ್ಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾರುವ ಫೋಟೋ ಬೇಕು ಅಂತ ಹಕ್ಕಿಗಳನ್ನು ಬೇಕಂತಲೇ ಎಬ್ಬಿಸುತ್ತಾರೆ. ಅಷ್ಟು ದೂರದಿಂದ ಬಂದ ಜೀವ ಹಗಲು ವಿಶ್ರಾಂತಿಗೆ ಕೂತಿರುತ್ತದೆ. ಅದಕ್ಕೂ ಬಿಡಬಾರದಾ?

ನಾವಿಬ್ಬರೂ ಕ್ಯಾಮೆರಾ ಮುಟ್ಟಲಿಲ್ಲ. ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಎರಡು ತಂದೆವು, ಒಂದಕ್ಕೆ 8,900. ಒಂದೇ ತಂದು ಹಂಚಿಕೊಳ್ಳುವ ಯೋಚನೆ ಬೇಡವೇ ಬೇಡ. ಒಬ್ಬರು ನೋಡಿ ಇನ್ನೊಬ್ಬರ ಕೈಗೆ ಕೊಡುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ, ಅಲ್ಲೇ ಜಗಳ. ಒಂದು ನೋಟ್‌ಬುಕ್, ಒಂದು ಪೆನ್. ಅವಳು ಬರೆಯುತ್ತಾಳೆ, ನಾನು ಹೇಳುತ್ತೇನೆ. ಧಾರವಾಡದ ಕೆಲಗೇರಿ ಕೆರೆ, ನಮ್ಮ ಉಣಕಲ್ ಕೆರೆ, ರಜೆ ಇದ್ದರೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ. ಅಷ್ಟೇ ಖರ್ಚು.

ಗದಗ ಕ್ಯಾಮೆರಾ
ನಾನು ಎಂದೂ ಒಂದು ಹಕ್ಕಿಯನ್ನೂ ಎಬ್ಬಿಸಿಲ್ಲ. 600 ಎಂಎಂ ಯಾಕೆ ತಗೊಂಡಿದ್ದು ಮತ್ತೆ? ದೂರ ನಿಲ್ಲಲಿಕ್ಕೇ ತಾನೇ? ಯಾರೋ ನಾಲ್ಕು ಜನ ಮಾಡಿದ್ದಕ್ಕೆ ಎಲ್ಲರನ್ನೂ ಸೇರಿಸಬೇಡಿ. ನಮ್ಮ ಫೋಟೋಗಳನ್ನು ನೋಡಿಯೇ ಶಾಲೆ ಮಕ್ಕಳು ಆ ಕೆರೆಗೆ ಬರುತ್ತಿದ್ದಾರೆ. ನೋಟ್‌ಬುಕ್ ನೋಡಿ ಬಂದವರು ಯಾರಿದ್ದಾರೆ ಹೇಳಿ.

ಸಪ್ತಾಪುರ ಸ್ವರ
ಸಂಗೀತದ ಬಗ್ಗೆ ಒಬ್ಬರೂ ಹೇಳಲಿಲ್ಲವಲ್ಲ. ಧಾರವಾಡದ ನೆಲದಲ್ಲಿ ಇದನ್ನು ಹೇಳಿಕೊಡಬೇಕಾ? ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಓಡಾಡಿದ ಊರು ಇದು.

ನಾವಿಬ್ಬರೂ ಒಟ್ಟಿಗೆ ಕ್ಲಾಸ್ ಸೇರಿದೆವು. ಮೊದಲ ಪಾಠದಲ್ಲೇ ಗೊತ್ತಾದದ್ದು ಶ್ರುತಿ ಸಮಸ್ಯೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ. ನನ್ನದು ಕಾಳಿ ಏಕ್, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಇವಳದು ಕಾಳಿ ಪಾಂಚ್, ಐದನೆಯದು. ಒಂದೇ ತಂಬೂರಿಗೆ ಇಬ್ಬರೂ ಹಾಡಲು ಬರುವುದಿಲ್ಲ. ಗುರುಗಳು ಇವಳಿಗೆ ಅರ್ಧ ಗಂಟೆ, ನನಗೆ ಅರ್ಧ ಗಂಟೆ ಅಂತ ಬೇರೆ ಬೇರೆ ಮಾಡಿದರು. ಫೀಸು ಒಬ್ಬರಿಗೆ ತಿಂಗಳಿಗೆ 1,200, ಇಬ್ಬರಿಗೂ ಪೂರ್ತಿ. ಮಿರಜಿನಿಂದ ತಂಬೂರಿ ತಂದೆ, 27 ಸಾವಿರ. ಬಸ್ಸಿನಲ್ಲಿ ತರಿಸಿದ್ದರಿಂದ ಅದರ ಸೋರೆ ಬುರುಡೆ ಬಿರುಕು ಬಿಟ್ಟಿತ್ತು. ರಿಪೇರಿಗೆ 3,500, ಜೊತೆಗೆ ಹೋಗಿ ಬರುವ ಖರ್ಚು. ತಂಬೂರಿ ಇವಳ ಶ್ರುತಿಗೆ ಕೂಡಿಸಿದ್ದು, ನನಗೆ ಇನ್ನೊಂದು ಬೇಕಾಯಿತು.

ಆದರೆ ಸಂಜೆ ದೀಪ ಹಚ್ಚಿದ ಮೇಲೆ ಇವಳು ಭೂಪ್ ರಾಗ ಹಿಡಿದರೆ ನಾನು ಅಡಿಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೇಳುತ್ತೇನೆ. ಆಮೇಲೆ ನಾನು ಕೂರುತ್ತೇನೆ, ಇವಳು ತಪ್ಪು ಹಿಡಿಯುತ್ತಾಳೆ. ನಮ್ಮ ಸಂಸಾರ ಸುಧಾರಿಸಿದ್ದು ಅದರಿಂದಲೇ.

ಕುಂದಗೋಳ ನಿವೃತ್ತ ಮೇಷ್ಟ್ರು
ಎರಡು ತಂಬೂರಿ ಯಾಕೆ ಬೇಕಿತ್ತು? ನಾಲ್ಕೂವರೆ ಸಾವಿರಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಸಿಗುತ್ತದೆ. ಗುಂಡಿ ತಿರುಗಿಸಿದರೆ ಯಾವ ಶ್ರುತಿ ಬೇಕಾದರೂ ಬರುತ್ತದೆ. ಮೊಬೈಲಿನಲ್ಲಿ ಪುಕ್ಕಟೆ ಆ್ಯಪ್ ಇವೆ. ಕಲಿಯುವ ಹಂತದಲ್ಲಿ ಇಷ್ಟು ದುಡ್ಡು ಸುರಿಯಿರಿ ಅಂತ ಹೊಸಬರಿಗೆ ಹೆದರಿಸಬೇಡಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ನಮ್ಮ ಕುಂದಗೋಳಕ್ಕೆ ಬಂದು ಗಾಯಕ ಸವಾಯಿ ಗಂಧರ್ವರ ಹತ್ತಿರ ಕಲಿತರು. ಬೇಕಾದದ್ದು ಆ ಹಟ, ಸಾಮಾನು ಅಲ್ಲ.

ಸಪ್ತಾಪುರ ಸ್ವರ
ಮೇಷ್ಟ್ರೇ, ಕುಂದಗೋಳದವರೇ ಆ್ಯಪ್ ಸಾಕು ಅಂದರೆ ನೋವಾಗುತ್ತದೆ. ತಂತಿಯ ಕೆಳಗೆ ಜೀವಾ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಬಿಚ್ಚಿಕೊಳ್ಳುತ್ತದಲ್ಲ, ಅದನ್ನು ಯಾವ ಗುಂಡಿ ಕೊಡುತ್ತದೆ? ಕಿವಿ ತಯಾರಾಗುವುದು ಅಲ್ಲೇ. ತಾವು ಸ್ವತಃ ಹಾಡುತ್ತೀರಾ ಅಥವಾ ಕೇಳುವವರು ಮಾತ್ರವಾ?

ಕುಂದಗೋಳ ನಿವೃತ್ತ ಮೇಷ್ಟ್ರು
ಹಾಡುತ್ತೇನೆ. ನಿಮಗಿಂತ ಮೊದಲಿನಿಂದ ಹಾಡುತ್ತಿದ್ದೇನೆ. ನನ್ನ ಹೆಂಡತಿ ತಬಲಾ ಕಲಿತಳು, ನನಗೆ ತಾಳದ ಠೇಕಾ ಕೊಡಲಿಕ್ಕೆ. 27 ಸಾವಿರ ಕೂಡಿಡುವ ತನಕ ಕಾಯ್ದಿದ್ದರೆ ನಾವಿಬ್ಬರೂ ಒಂದು ಸ್ವರ ಹಚ್ಚುತ್ತಿರಲಿಲ್ಲ.

ಬೆಟಗೇರಿ ಸೂಜಿ
ನಾನು ಬೇರೆ ದಾರಿ ಹೇಳುತ್ತೇನೆ. ಕಸೂತಿ. ಗಂಡಸರಿಗೆ ಅಲ್ಲ ಅಂತ ಯಾರಾದರೂ ಅಂದರೆ ನಮ್ಮ ಮನೆಗೆ ಬನ್ನಿ.

ಗವಂತಿ, ಮುರ್ಗಿ ಅನ್ನುವ ಎರಡು ಹೊಲಿಗೆಗಳಲ್ಲೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ಪೆನ್ಸಿಲ್ ಗುರುತೂ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ಕೊನೆಗೆ ಕೂಡುವುದಿಲ್ಲ, ಪೂರ್ತಿ ಬಿಚ್ಚಬೇಕು. ನಮ್ಮವರು ಲೆಕ್ಕದ ಮನುಷ್ಯ. ಎಣಿಸುವುದು ಅವರು, ಹಾಕುವುದು ನಾನು. ರೇಷ್ಮೆ ಸೀರೆಯಾದರೆ ಎಳೆ ಕಣ್ಣಿಗೆ ಸಿಗುವುದಿಲ್ಲ, ಮೇಲೆ ಕ್ಯಾನ್ವಾಸ್ ಹೊಲಿದುಕೊಂಡು ಅದರ ಮೇಲೆ ಹಾಕುತ್ತೇವೆ. ಮುಗಿದ ಮೇಲೆ ಕ್ಯಾನ್ವಾಸಿನ ಒಂದೊಂದೇ ಎಳೆಯನ್ನು ಚಿಮಟದಿಂದ ಎಳೆದು ತೆಗೆಯಬೇಕು. ಆ ಕೆಲಸವೂ ಅವರದೇ. ಜೋರಾಗಿ ಎಳೆದರೆ ಹೊಲಿಗೆ ಸುಕ್ಕಾಗುತ್ತದೆ. ಅವರ ಕೈಯಲ್ಲಿ ಒಂದೂ ಸುಕ್ಕಾಗಿಲ್ಲ.

ಖರ್ಚು: ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ ಮೀಟರಿಗೆ 180, ದಾರ, ಸೂಜಿ, ಭೂತಗನ್ನಡಿ ಇರುವ ಲೈಟು 1,350. ನನ್ನ ಕನ್ನಡಕದ ನಂಬರ್ ಬದಲಾಯಿತು, ಅದಕ್ಕೆ 2,800. ಈಗ ಆರ್ಡರ್ ಬರುತ್ತಿವೆ. ಹೋದ ದೀಪಾವಳಿಗೆ ಒಂದು ಕಪ್ಪು ಚಂದ್ರಕಾಳಿ ಸೀರೆಗೆ ಆನೆ ಅಂಬಾರಿ ಹಾಕಿಕೊಟ್ಟೆವು, 14 ಸಾವಿರ ಬಂತು.

ಹಾವೇರಿ ತೋಟ
ಆರ್ಡರ್ ಬಂದರೆ ಅದು ಹವ್ಯಾಸ ಅಲ್ಲ ಅಕ್ಕಾ, ದುಡಿಮೆ. ನಾವು ಟೆರೇಸ್ ತರಕಾರಿ ಶುರು ಮಾಡಿ, ಹೆಚ್ಚಾದ ಬದನೆಕಾಯಿ ಓಣಿಗೆ ಮಾರಲು ಹೋಗಿ, ಭಾನುವಾರಗಳೆಲ್ಲ ತೂಕ ಹಾಕುವುದರಲ್ಲೇ ಹೋಯಿತು. ಕುಂಡದ ನೀರು ಇಳಿದು ಸ್ಲ್ಯಾಬ್ ಸೋರಿತು, ವಾಟರ್ ಪ್ರೂಫಿಂಗ್‌ಗೆ 46 ಸಾವಿರ. ಅದು ಆರು ತಿಂಗಳೂ ನಿಲ್ಲಲಿಲ್ಲ. ಮಾಡಿದವನು ಫೋನ್ ಎತ್ತುವುದಿಲ್ಲ. ಮೇಲಿಂದ ಮಂಗಗಳ ಕಾಟ.

ಬೆಟಗೇರಿ ಸೂಜಿ
ದುಡಿಮೆಯಾದರೆ ಏನಾಯಿತು ತಮ್ಮಾ? ಹೆಣ್ಣುಮಕ್ಕಳ ಕೈಗೆಲಸಕ್ಕೆ ದುಡ್ಡು ಬಂದರೆ ಮಾತ್ರ ಎಲ್ಲರಿಗೂ ಕಣ್ಣು ಕುಕ್ಕುತ್ತದೆ. ಒಂದು ಲಕ್ಷದ ಕ್ಯಾಮೆರಾಗೆ ಯಾರೂ ಚಕಾರ ಎತ್ತಲಿಲ್ಲ. ನಾವು ರಾತ್ರಿ ಊಟ ಆದ ಮೇಲೆ ಎದುರು ಬದುರು ಕೂತು ಮಾತಾಡುತ್ತಾ ಹಾಕುತ್ತೇವೆ. ಆ ಮಾತಿಗೆ ಬೆಲೆ ಕಟ್ಟಿ ನೋಡೋಣ.

ಹಾವೇರಿ ತೋಟ
ನಾನು ಹೆಣ್ಣು ಗಂಡು ಅನ್ನಲೇ ಇಲ್ಲ. ಇಲ್ಲದ್ದನ್ನು ಹಚ್ಚಬೇಡಿ. ಈಗ ನಮ್ಮದು ಬೇರೆ ಬೇರೆ ಹವ್ಯಾಸ. ಅವಳು ಓದುತ್ತಾಳೆ, ನಾನು ಸಂಜೆ ಶಟಲ್ ಆಡುತ್ತೇನೆ. ರಾತ್ರಿ ಹೇಳಿಕೊಳ್ಳಲು ಇಬ್ಬರಿಗೂ ಏನಾದರೂ ಇರುತ್ತದೆ. ಜೊತೆಯಾಗಿಯೇ ಮಾಡಬೇಕು ಅನ್ನುವುದು ಯಾರ ಕಾನೂನು?

ನವನಗರದ ಬೈನಾಕ್ಯುಲರ್
ಜೊತೆಯಾಗಿ ಮಾಡಬೇಕು ಅಂತ ಅವರೇ ಕೇಳಿದ್ದಾರೆ, ಮೊದಲು ಪ್ರಶ್ನೆ ಓದಿ.

ವಿದ್ಯಾನಗರ ಟೀಚರ್ (ಕೇಳಿದವರು)
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಯವಿಟ್ಟು ಜಗಳ ಬೇಡ. ಸಪ್ತಾಪುರದ ಸರ್, ಮೇಷ್ಟ್ರೇ, ಒಂದೇ ಕೇಳುತ್ತೇನೆ. ಮೊಣಕಾಲಿಂದಾಗಿ ನೆಲದ ಮೇಲೆ ತುಂಬಾ ಹೊತ್ತು ಕೂರಲು ಆಗುವುದಿಲ್ಲ. ಕುರ್ಚಿ ಮೇಲೆ ಕೂತು ಕಲಿಯಬಹುದಾ?

ಕುಂದಗೋಳ ನಿವೃತ್ತ ಮೇಷ್ಟ್ರು
ಧಾರಾಳವಾಗಿ ಕಲಿಯಿರಿ. ಬೆನ್ನು ನೇರ ಇರಲಿ, ಪಾದ ನೆಲಕ್ಕೆ ತಾಗಲಿ, ಕೈ ಇರುವ ಕುರ್ಚಿ ಬೇಡ. ಬೆಳಿಗ್ಗೆ ಎದ್ದು ಖರ್ಜದ, ಅಂದರೆ ತಗ್ಗು ಸ್ವರಗಳ ಅಭ್ಯಾಸ ಮಾಡಿ.

ಸಪ್ತಾಪುರ ಸ್ವರ
ಈ ಒಂದು ಮಾತಿಗೆ ಮೇಷ್ಟ್ರ ಜೊತೆ ನನ್ನದೂ ಒಪ್ಪಿಗೆ. ನಮ್ಮ ಕ್ಲಾಸಿನಲ್ಲೂ ಹಿರಿಯರು ಕುರ್ಚಿಯಲ್ಲೇ ಕೂರುತ್ತಾರೆ. ತಂಬೂರಿ ಮಾತ್ರ ನಿಜವಾದದ್ದೇ ತಗೊಳ್ಳಿ.

ಗದಗ ಕ್ಯಾಮೆರಾ
ನಿಮ್ಮ ಯಜಮಾನರು ಕ್ಯಾಮೆರಾ ತಗೊಂಡರೆ ಲೆನ್ಸಿಗಿಂತ ಮೊದಲು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ತರಲು ಹೇಳಿ. 400 ರೂಪಾಯಿ ಒಳಗೆ ಆಗುತ್ತದೆ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕಬಹುದು. ಅಡಿಗೆಗೆ ಬಳಸುವ ಬಾಣಲೆ ಬೇಡ, ಬೇರೆಯೇ ಇಡಿ.