ನೀಟ್‌ದಾಗ 412 ಬಂದದ, ಒಂದು ವರ್ಷ ಬಿಟ್ಟು ಲಾಂಗ್ ಟರ್ಮ್ ಕೋಚಿಂಗ್ ಸೇರಿಸ್ಬೇಕೇನ್ರಿ?

ತೊಗರಿ ಕಣಜ, ಕಲಬುರಗಿ

ತಮ್ಮ ಸೆಕೆಂಡ್ ಪಿಯುಸಿ ಪಿಸಿಎಂಬಿ ಮುಗಿಸ್ಯಾನ. ನೀಟ್‌ದಾಗ 115 ಸರಿ, 48 ತಪ್ಪು, 17 ಬಿಟ್ಟಾನ. ಬೋರ್ಡಿನ ಪಿಸಿಎಂ 300ಕ್ಕ 240, ಸಿಇಟಿ 180ಕ್ಕ 90. ಮನ್ಯಾಗ ಇಂಜಿನಿಯರಿಂಗ್ ಸೇರ್ಲಿ ಅಂತಾರ, ಅವ ಕಲಬುರಗಿ ಜಿಮ್ಸ್ ಇಲ್ಲಾ ಬೀದರ್ ಬ್ರಿಮ್ಸ್, ಈ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು ಅಂತಾನ. ಮತ್ತೊಮ್ಮೆ ಬರದ್ರ ಉಪಯೋಗ ಆಗ್ತದೇನ್ರಿ? ಕಲ್ಯಾಣ ಕರ್ನಾಟಕದವರ ಮೀಸಲಿಗೆ ಬೇಕಾಗೋ 371(ಜೆ) ಸರ್ಟಿಫಿಕೇಟ್ ಇನ್ನಾ ಮಾಡ್ಸಿಲ್ಲ.

ಶಹಾಬಾದ್ ಫರಸಿ

ಲೆಕ್ಕ ಬಿಡಿಸಿ ಕೊಟ್ಟಿದ್ದು ಛಲೋ ಆಯ್ತು. ಒಂದು ತಪ್ಪಿಗೆ ಹೋಗೋದು 1 ಅಲ್ರಿ, 5. ಬರೋ 4 ಬರಲ್ಲ, ಮ್ಯಾಲ 1 ಕಟ್. ಆ 48ರಾಗ 24 ಸರಿ ಮಾಡಿದ್ರ 120 ಏರಿ 532 ಆಗ್ತದ. ಅದೇ 24 ಮುಟ್ಟದೇ ಬಿಟ್ಟಿದ್ರ 436ಕ್ಕ ನಿಲ್ತಿತ್ತು. ಹಂಗಾಗಿ ಆ 48 ಯಾವ ನಮೂನಿ ತಪ್ಪು ಅಂತ ಮೊದ್ಲ ನೋಡ್ರಿ.

ನೀಟ್ ನಡೆಸೋ ಎನ್‌ಟಿಎದವರು ಹಾಕಿರೋ ಓಎಂಆರ್ (ಉತ್ತರ ಗುರುತು ಹಾಕೋ ಹಾಳೆ) ಮತ್ತ ಕೀ ಉತ್ತರ ಇಳಿಸ್ಕೋರಿ, ಲಿಂಕ್ ಭಾಳ ದಿನ ಇರಲ್ಲ. ಪ್ರಶ್ನೆಪತ್ರಿಕೆ ಮುಂದಿಟ್ಕೊಂಡು ಪ್ರತಿ ತಪ್ಪಿನ ಬಾಜು ಒಂದಕ್ಷರ ಬರಿಲಿ. ಪಾಠಾನೇ ಬರಲ್ಲಂದ್ರ 'ಪಾ', ಲೆಕ್ಕ ಎಡವಿದ್ರ 'ಲೆ', 'ಸರಿಯಲ್ಲದ್ದು ಯಾವುದು' ಅನ್ನೋದನ್ನ 'ಸರಿಯಾದದ್ದು' ಅಂತ ಓದಿದ್ರ 'ಓ', ಅಂದಾಜಿಗೆ ಹೊಡೆದಿದ್ರ 'ಅಂ'. 'ಪಾ' ಜಾಸ್ತಿ ಇದ್ದು ಅದೂ ಫಸ್ಟ್ ಪಿಯುಸಿ ಪಾಠದಾಗೇ ಇದ್ರ ವರ್ಷ ಕೊಡ್ಲಾಕ ಅಡ್ಡಿ ಇಲ್ಲ. ಸೆಕೆಂಡ್ ಇಯರ್ ಗದ್ದಲದಾಗ ಅದನ್ನ ಮರೆತಿರ್ತಾರ, ನೀಟ್ ಎರಡೂ ವರ್ಷದ್ದು ಕೇಳ್ತದ. 'ಅಂ'ನೇ ಜಾಸ್ತಿ ಇದ್ರ ಅದು ಚಟ. ಅದನ್ನ ಬಿಡ್ಸಲಾಕ ಒಂದು ವರ್ಷ, ಲಕ್ಷಗಟ್ಟಲೆ ರೊಕ್ಕ ಯಾಕ್ರಿ?

ಜೀವಶಾಸ್ತ್ರ 90 ಪ್ರಶ್ನೆ, 360 ಅಂಕ, ಅಂದ್ರ ಅರ್ಧ ಪರೀಕ್ಷೆ. ಅದರಾಗ 300 ದಾಟಿಲ್ಲಂದ್ರ ಹೊಸ ಮೆಟೀರಿಯಲ್ ತರೋದು ಬ್ಯಾಡ. ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲು ಓದ್ಲಿ, ಚಿತ್ರದ ಕೆಳಗಿನ ಬರಹ ಸೈತ. ರಿಪೀಟರ್ಸ್ ಕೆಡೋದು ಶುರುವಿನ ಮೂರು ತಿಂಗಳದಾಗ. ಗೊತ್ತಿದ್ದದ್ದೇ ಕ್ಲಾಸಿನಾಗ ಮತ್ತ ಕೇಳ್ಕೋಂತ ಕೂತು, ಎಲ್ಲಾ ಬರ್ತದ ಅನ್ಕೋತಾರ. ಜನವರಿಯಿಂದ ಮಾಕ್ ಟೆಸ್ಟ್ ಮಧ್ಯಾಹ್ನ 2ರಿಂದ 5ಕ್ಕೇ ಬರಿಲಿ, ಓಎಂಆರ್ ತುಂಬೋದೂ ಆ 180 ನಿಮಿಷದಾಗೇ. ನಮ್ಮ ಕಡೆ ಮೇ ತಿಂಗಳ ಬಿಸಲಿಗೆ ಊಟ ಆದಮ್ಯಾಲ ಕಣ್ಣು ಎಳಿತಾವ, ಪರೀಕ್ಷೆ ಅದೇ ಹೊತ್ತಿಗಿ.

ಬಿದರಿ ಹೂಜಿ, ಬೀದರ್

ಇಂಜಿನಿಯರಿಂಗ್ ಲೆಕ್ಕ ಬ್ಯಾರೆ ಅದ. ಸಿಇಟಿ ರ‍್ಯಾಂಕಿಗೆ ಬೋರ್ಡಿನ ಪಿಸಿಎಂ ಅರ್ಧ, ಸಿಇಟಿ ಅರ್ಧ. 240 ಅಂದ್ರ 50ಕ್ಕ 40, 90 ಅಂದ್ರ 25, ಕೂಡಿ 65. ಬೋರ್ಡಿನ ಅಂಕ ಹಂಗೇ ಇದ್ದು ಮುಂದಿನ ಸಲ ಸಿಇಟಿದಾಗ 120 ತಂದ್ರೂ 73ರ ಆಸುಪಾಸು. ಇಷ್ಟರ ಸಲುವಾಗಿ ವರ್ಷ ಬಿಡೋದು ನಾ ಒಪ್ಪಲ್ಲ.

ಕಾಗದಪತ್ರ ಈಗಿಂದಲೇ ಹಿಡೀರಿ. 371(ಜೆ) ಅರ್ಹತಾ ಪ್ರಮಾಣಪತ್ರ ಕೊಡೋದು ಸಹಾಯಕ ಆಯುಕ್ತರ ಕಚೇರಿ. ಇದಿದ್ರ ಜಿಮ್ಸ್, ಬ್ರಿಮ್ಸ್, ಯಾದಗಿರಿ ಯಿಮ್ಸ್‌ನಂಥ ಇಲ್ಲಿನ ಕಾಲೇಜಿನಾಗ ಸ್ಥಳೀಯರ 70%, ಹೊರಗಿನ ಜಿಲ್ಲಾದಾಗ 8% ಮೀಸಲಿಗೆ ಬರ್ತೀರಿ. ಕೆಲಸ ಕೆಡೋದು ಹೆಸರಿನ ಸಲುವಾಗಿ. ಅಪ್ಪನ ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ದಾಗ ಒಂದು, ಆಧಾರದಾಗ ಒಂದು, ಜಾತಿ ಪ್ರಮಾಣಪತ್ರದಾಗ ಇನ್ನೊಂದು ಇರ್ತದ. ಅಕ್ಷರ ಅಕ್ಷರ ತಾಳೆ ನೋಡ್ರಿ. ಜಾತಿ ಆದಾಯ ಪ್ರಮಾಣಪತ್ರದ ಮ್ಯಾಲಿರೋ ಆರ್‌ಡಿ ನಂಬರ್ ಕೆಇಎ (ರಾಜ್ಯದ ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ) ಅರ್ಜ್ಯಾಗ ಹಾಕ್ಬೇಕಾಗ್ತದ. ಈ ಸಲದ ಕೆಇಎ ಅರ್ಜಿ ಮುಂದಿನ ಸಲಕ್ಕ ನಡಿಯಲ್ಲ. ನೀಟ್ ಅರ್ಜಿ ಹಾಕಿದ್ರ ಸಾಕು ಅನ್ಕೊಂಡು ಕೆಇಎದ್ದು ಬಿಟ್ರ ರಾಜ್ಯದ ಕೋಟಾ ಕೈ ತಪ್ಪತದ.

ತೊಗರಿ ಕಣಜ, ಕಲಬುರಗಿ

ಈಗ ಇಂಜಿನಿಯರಿಂಗ್ ಸೇರಿಸಿ ಅಲ್ಲಿಂದ್ಲೇ ನೀಟ್ ಓದಿದ್ರ?

ಸುರಪುರ ಕೋಟೆ

ಬ್ಯಾಡ್ರಿ. ಫಸ್ಟ್ ಸೆಮ್ ಇಂಟರ್ನಲ್ಸ್, ಲ್ಯಾಬ್ ನಡುವ ಜೀವಶಾಸ್ತ್ರ ಮುಟ್ಲಾಕೂ ಆಗಲ್ಲ. ಮ್ಯಾಲ ಟಿಸಿ, ಮಾರ್ಕ್ಸ್ ಕಾರ್ಡ್ ಅಸಲು ಪ್ರತಿ ಕಾಲೇಜಿನಾಗ ಸಿಕ್ಕೊಂಡು, ಮುಂದ ಬಿಡಿಸ್ಕೊಂಡು ಬರೋದೇ ಒಂದು ತ್ರಾಸ. ಲಾಂಗ್ ಟರ್ಮ್‌ದವರಿಗೂ ಝೆರಾಕ್ಸ್ ಅಷ್ಟೇ ಕೊಡ್ರಿ, ಫೀ ಕಂತಿನಾಗ ಕಟ್ರಿ. ಟೆಸ್ಟ್ ಆದಮ್ಯಾಲ ಪ್ರಶ್ನೆಪತ್ರಿಕೆ, ಓಎಂಆರ್ ವಾಪಸ್ ಕೊಡ್ತಾರೋ ಇಲ್ಲೋ ಅಂತ ಸೇರೋಕಿಂತ ಮೊದ್ಲೇ ಕೇಳ್ರಿ. ಕೊಡಲ್ಲಂದ್ರ ಮ್ಯಾಲ ಹೇಳಿದ 'ಪಾ-ಲೆ-ಓ-ಅಂ' ಪಟ್ಟಿ ಮಾಡ್ಲಾಕೇ ಬರಲ್ಲ.

ಗುರಿ ಅಂಕದ ಮ್ಯಾಲ ಇಡಬ್ಯಾಡ್ರಿ. ಪೇಪರ್ ಬಿರುಸಿದ್ದ ವರ್ಷ ಕಮ್ಮಿ ಅಂಕಕ್ಕೂ ಛಲೋ ರ‍್ಯಾಂಕ್ ಬರ್ತದ. ಕೆಇಎ ಕಟಾಫ್ ಪಟ್ಟಿದಾಗ ಜಿಎಂಎಚ್ (ಜಿಎಂ ಅಂದ್ರ ಜನರಲ್ ಮೆರಿಟ್) ಹಂಗ ಕೊನಿಗೆ ಎಚ್ ಇರೋ ಕಾಲಂ ನಮ್ಮ ಭಾಗದ್ದು, ನಿಮ್ಮ ವರ್ಗದ್ದು ತೆಗೆದು ಜಿಮ್ಸ್ ಕೊನೇ ರ‍್ಯಾಂಕ್ ನೋಡ್ರಿ. ಜೋಡಿಗೆ ಸಿಯುಇಟಿ (ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ) ಅರ್ಜಿನೂ ಹಾಕಿಡ್ರಿ, ಕಡಗಂಚಿ ಕೇಂದ್ರೀಯ ವಿವಿ ಡಿಗ್ರಿ ಕೈಯಾಗ ಇರ್ಲಿ. ಒಂದು ವಿಷಯಕ್ಕ 50 ಪ್ರಶ್ನೆ, 60 ನಿಮಿಷ. ನೀಟ್ ಓದಿದವರಿಗೆ ಬ್ಯಾರೆ ತಯಾರಿ ಭಾಳ ಬೇಕಾಗಲ್ಲ.