ಪದ ಬೇಕು: ಸೈಟೇಶನ್, ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್ – ಬೋರ್ಡಿಗೆ, ನಾಳೆ ಬೆಳಿಗ್ಗೆಯೊಳಗೆ

ಗ್ರಂಥಪಾಲಕಿ, ಮಲ್ಲೇಶ್ವರ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಐದು ಪದ ಬೇಕು. ಕಾಲೇಜು ಗ್ರಂಥಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಸಹಾಯ ಕೌಂಟರ್ ತೆರೆಯುತ್ತಿದ್ದೇವೆ. ಅದರ ಹಿಂದಿನ ಗೋಡೆಗೆ ಎಂಟಡಿ ಅಗಲ, ನಾಲ್ಕಡಿ ಎತ್ತರದ ಬೋರ್ಡು. ಬರೆಯುವವರು ನಾಳೆ ಹತ್ತಕ್ಕೆ ಬರುತ್ತಾರೆ. ನಾಮಫಲಕಗಳಿಗೆ 2024ರ ತಿದ್ದುಪಡಿ ಹೇಳುವ ಅಳತೆಯನ್ನೇ ಇಲ್ಲೂ ಹಿಡಿದಿದ್ದೇವೆ: ಮೇಲಿನ ಅರ್ಧದಲ್ಲಿ ಕನ್ನಡ, ಒಟ್ಟಿನಲ್ಲಿ ಶೇ. 60 ಕನ್ನಡ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ಕೈತೊಳೆದುಕೊಳ್ಳಲು ಮನಸ್ಸಿಲ್ಲ.

ಬೇಕಾದವು: ಸೈಟೇಶನ್, ಸೈಟೇಶನ್ ಇಂಡೆಕ್ಸ್, ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್, ಸೆಲ್ಫ್ ಸೈಟೇಶನ್. ಯಂತ್ರಾನುವಾದಕ್ಕೆ ಹಾಕಿದರೆ ಸೈಟೇಶನ್, ರೆಫರೆನ್ಸ್, ಕೊಟೇಶನ್ ಮೂರಕ್ಕೂ ‘ಉಲ್ಲೇಖ’ ಎಂದೇ ಬಂತು. ಒಂದು ಸಾಲಿಗೆ ಹದಿನೈದು ಅಕ್ಷರ ಮೀರಿದರೆ ಎರಡನೇ ಸಾಲಿಗೆ ಇಳಿಯುತ್ತದೆ. ದಯವಿಟ್ಟು ಅಷ್ಟರೊಳಗೆ ಹೇಳಿ.

ಕರಡು ತಿದ್ದುವವ, ಚಾಮರಾಜಪೇಟೆ:

ಉಲ್ಲೇಖ. ಉಲ್ಲೇಖ ಸೂಚಿ. ಎಚ್-ಸೂಚ್ಯಂಕ. ಪ್ರಭಾವಾಂಕ. ಸ್ವೋಲ್ಲೇಖ.

‘ಸೂಚ್ಯಾಂಕ’ ಅಂತ ಬರೆಸಬೇಡಿ. ಸೂಚಿ + ಅಂಕ, ಯಣ್ ಸಂಧಿ, ದೀರ್ಘಕ್ಕೆ ಅಲ್ಲಿ ಜಾಗವಿಲ್ಲ. ಷೇರುಪೇಟೆ ಸುದ್ದಿಯಲ್ಲಿ ದಿನಾ ತಪ್ಪು ಬರುತ್ತಿದೆ ಅಂದಮಾತ್ರಕ್ಕೆ ಸರಿಯಾಗುವುದಿಲ್ಲ.

ನಿಘಂಟುಪ್ರಿಯ:

ಉಲ್ಲೇಖ ಸಡಿಲವಾದ ಪದ. ಸಭೆಯಲ್ಲಿ ಒಬ್ಬರ ಹೆಸರೆತ್ತಿದರೂ ಉಲ್ಲೇಖವೇ, ಪೊಲೀಸ್ ದೂರಿನಲ್ಲಿ ವಾಹನದ ನಂಬರು ಬಂದರೂ ಉಲ್ಲೇಖವೇ. ಸೈಟೇಶನ್ ಎಂದರೆ ಇನ್ನೊಬ್ಬರ ಕೃತಿಯಿಂದ ಎತ್ತಿಕೊಂಡದ್ದನ್ನು ತೋರಿಸುವುದು. ಅದಕ್ಕೆ ‘ಉದ್ಧರಣೆ’ಯೇ ಸರಿ. ಉತ್ + ಹರಣ, ಮೇಲಕ್ಕೆತ್ತುವುದು. ಸಂಧ್ಯಾವಂದನೆಯಲ್ಲಿ ಪಂಚಪಾತ್ರೆಯ ಜೊತೆಗಿರುವ ಪುಟ್ಟ ಚಮಚಕ್ಕೂ ಉದ್ಧರಣೆ ಎಂದೇ ಹೆಸರು. ಪಾತ್ರೆಯಿಂದ ನೀರನ್ನು ಎತ್ತಿಕೊಡುವುದು ಅದರ ಕೆಲಸ. ವಿದ್ವಾಂಸ ಪೂರ್ವಸೂರಿಗಳ ಪಾತ್ರೆಯಿಂದ ಎತ್ತಿಕೊಳ್ಳುವುದೂ ಹಾಗೆಯೇ. ಅರ್ಥ ಇಷ್ಟು ನಿಚ್ಚಳವಾಗಿರುವ ಪದವನ್ನು ಬಿಟ್ಟು ಉಲ್ಲೇಖಕ್ಕೆ ಹೋಗುವುದೇಕೆ?

ಮಾಹಿತಿ ವಿಜ್ಞಾನ, ಕೆಂಗೇರಿ:

ಉದ್ಧರಣೆ ಬೇಡ. ಅದು ಕೊಟೇಶನ್: ಮಾತನ್ನು ಇದ್ದಂತೆಯೇ ಎತ್ತಿ ಉದ್ಧರಣ ಚಿಹ್ನೆಯೊಳಗೆ ಇಡುವುದು. ವಿಜ್ಞಾನದ ಲೇಖನವೊಂದಕ್ಕೆ ಐನೂರು ಸೈಟೇಶನ್ ಸಿಕ್ಕಿರಬಹುದು, ಅದರ ಒಂದು ವಾಕ್ಯವನ್ನೂ ಯಾರೂ ಎತ್ತಿ ಬರೆದಿರುವುದಿಲ್ಲ.

ಮೇಡಂ, ಮೂರಕ್ಕೂ ಒಂದೇ ಪದ ಬಂತು ಎಂದಿರಲ್ಲ, ಇಡೀ ತೊಡಕು ಅಲ್ಲೇ ಇದೆ. ರೆಫರೆನ್ಸ್ ಮತ್ತು ಸೈಟೇಶನ್ ಒಂದೇ ಗೆರೆಯ ಎರಡು ತುದಿಗಳು. ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲ ಪ್ರೈಸ್ 1970ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ನನ್ನ ಲೇಖನದ ಕೊನೆಯಲ್ಲಿ ನಿಮ್ಮ ಲೇಖನದ ಹೆಸರು ಇದ್ದರೆ ನನ್ನ ಕಡೆಯಿಂದ ಅದು ರೆಫರೆನ್ಸ್, ನಿಮ್ಮ ಕಡೆಗೆ ಅದು ಸೈಟೇಶನ್. ಕೊಡುವುದು ಒಂದು, ಪಡೆಯುವುದು ಇನ್ನೊಂದು. ಲೇಖನ ಅಚ್ಚಾದ ದಿನವೇ ಅದರ ರೆಫರೆನ್ಸುಗಳ ಸಂಖ್ಯೆ ನಿಂತುಹೋಗುತ್ತದೆ, ಸೈಟೇಶನ್ ಮುಂದೆ ಬೆಳೆಯುತ್ತಲೇ ಇರುತ್ತದೆ. ಎಣಿಕೆಗೆ ಬರುವುದು ಪಡೆದದ್ದು ಮಾತ್ರ. ಹಾಗಾಗಿ ಕೊಡುವುದಕ್ಕೆ ‘ಆಕರ’ (ಕೊನೆಯ ಪಟ್ಟಿ ಆಕರಸೂಚಿ), ಪಡೆಯುವುದಕ್ಕೆ ‘ಉಲ್ಲೇಖ’ ಎಂದು ಬೇರೆ ಮಾಡಿಕೊಳ್ಳಿ. ‘ಈ ಲೇಖನದಲ್ಲಿ 40 ಆಕರಗಳಿವೆ, ಇದಕ್ಕೆ 12 ಉಲ್ಲೇಖ ಸಿಕ್ಕಿದೆ’ ಎಂದರೆ ಯಾರಿಗೂ ಗೊಂದಲವಿಲ್ಲ.

ಇಂಡೆಕ್ಸ್ ಕೂಡ ಎರಡು ಪದ. ಒಂದು ಪಟ್ಟಿ, ಇನ್ನೊಂದು ಅಂಕಿ. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿ, 1960ರ ದಶಕದಲ್ಲಿ ಫಿಲಡೆಲ್ಫಿಯಾದಿಂದ ಪ್ರಕಟಿಸತೊಡಗಿದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಒಂದು ಪಟ್ಟಿ: ಯಾವ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂಬುದು. ಅದು ‘ಸೂಚಿ’. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಹೇಳಿದ ಎಚ್-ಇಂಡೆಕ್ಸ್ ಒಂದು ಸಂಖ್ಯೆ: ಒಬ್ಬರ ಎಚ್ ಐದು ಎಂದರೆ ಅವರ ಐದು ಲೇಖನಗಳಿಗೆ ತಲಾ ಐದಾದರೂ ಉಲ್ಲೇಖ ಸಿಕ್ಕಿದೆ, ಆರು ಲೇಖನಗಳಿಗೆ ತಲಾ ಆರು ಸಿಕ್ಕಿಲ್ಲ. ಅದು ‘ಸೂಚ್ಯಂಕ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ವಿದ್ಯಾರ್ಥಿಗಳು ತಡವರಿಸುತ್ತಾರೆ. ನಮ್ಮಲ್ಲಿ ಎರಡು ಪದ ಮೊದಲಿಂದಲೇ ಇವೆ, ಬಿಟ್ಟುಕೊಡಬೇಡಿ.

ಗಾರ್ಫೀಲ್ಡ್‌ಗೆ ಮಾದರಿಯಾದದ್ದು ವಿಜ್ಞಾನವಲ್ಲ, ಕಾನೂನು. ಒಂದು ತೀರ್ಪನ್ನು ಮುಂದಿನ ತೀರ್ಪುಗಳು ಎತ್ತಿಹಿಡಿದವೋ ತಳ್ಳಿಹಾಕಿದವೋ ಎಂದು ತೋರಿಸುವ ಶೆಪರ್ಡ್ ಪಟ್ಟಿಗಳು ಅಮೆರಿಕದಲ್ಲಿ 1873ರಿಂದ ಇದ್ದವು. ನಮ್ಮ ಹೈಕೋರ್ಟಿನ ವಕೀಲರ ಬಾಯಲ್ಲಿ ‘ಸೈಟೇಶನ್ ಕೊಡಿ’ ಎಂಬ ಮಾತು ಇವತ್ತಿಗೂ ಇದೆ. ಆದರೆ ವಕೀಲರ ಪಟ್ಟಿ ಹೊಗಳಿಕೆಯನ್ನೂ ತಿರಸ್ಕಾರವನ್ನೂ ಬೇರೆ ಬೇರೆ ಗುರುತಿಸುತ್ತಿತ್ತು, ವಿಜ್ಞಾನದ ಎಣಿಕೆ ಎರಡನ್ನೂ ಒಂದೇ ಎಂದು ಕೂಡಿಸುತ್ತದೆ.

ಅಚ್ಚಗನ್ನಡಿಗ:

ಐದು ಪದ ಕೇಳಿದರು, ಐದೂ ಸಂಸ್ಕೃತ ಬಂತು. ಎಂಟಡಿ ಬೋರ್ಡಿನಲ್ಲಿ ಒಂದಾದರೂ ಕನ್ನಡ ಬೇಡವೇ? ಹಳಗನ್ನಡದಲ್ಲಿ ‘ಸುಟ್ಟು’ ಎಂದರೆ ಬೆರಳು ಮಾಡಿ ತೋರುವುದು. ಅದರಿಂದ ‘ಸುಟ್ಟಿಕೆ’. ಸೈಟೇಶನ್ = ಸುಟ್ಟಿಕೆ, ಅದರ ಲೆಕ್ಕ = ಸುಟ್ಟಿಕೆಯೆಣಿಕೆ, ಸೆಲ್ಫ್ ಸೈಟೇಶನ್ = ತನ್ಸುಟ್ಟಿಕೆ. ಮಹಾಪ್ರಾಣದ ಕಾಟವೂ ಇಲ್ಲ.

ಕರಡು ತಿದ್ದುವವ:

ಓದುವವರಿಗೆ ಸುಟ್ಟದ್ದು ಬೆಂದದ್ದೇ. ಬೋರ್ಡಿಗಲ್ಲ.

ಗಣಿತದ ಮೇಷ್ಟ್ರು, ಜಯನಗರ:

ಪ್ರಭಾವಾಂಕ ಎಂಬುದಕ್ಕೆ ನನ್ನ ತಕರಾರು ವ್ಯಾಕರಣದ್ದಲ್ಲ. ಯಾರೋ ಇದನ್ನು ‘ಪ್ರಭಾವ ಅಪವರ್ತನ’ ಎಂದು ಅನುವಾದಿಸಿದ್ದನ್ನು ನೋಡಿದೆ. ಅದಂತೂ ತೀರಾ ತಪ್ಪು, ಇಲ್ಲಿ ಯಾವುದನ್ನೂ ಯಾವುದೂ ನಿಶ್ಶೇಷವಾಗಿ ಭಾಗಿಸುತ್ತಿಲ್ಲ. ಇದು ಬರೀ ಒಂದು ಸರಾಸರಿ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಾದರೆ, ಆ ಪತ್ರಿಕೆ 2022 ಮತ್ತು 2023ರಲ್ಲಿ ಪ್ರಕಟಿಸಿದ ಬರಹಗಳಿಗೆ 2024ರಲ್ಲಿ ಸಿಕ್ಕ ಉಲ್ಲೇಖಗಳನ್ನು ಕೂಡಿ, ಆ ಎರಡು ವರ್ಷದ ಲೇಖನಗಳ ಮತ್ತು ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. ಸಂಪಾದಕೀಯ, ಓದುಗರ ಪತ್ರ ಛೇದದಲ್ಲಿ ಬರುವುದಿಲ್ಲ, ಆದರೆ ಅವುಗಳಿಗೆ ಸಿಕ್ಕ ಉಲ್ಲೇಖ ಅಂಶದಲ್ಲಿ ಸೇರುತ್ತದೆ. ಅಂಕಿ ಉಬ್ಬುವ ದಾರಿಗಳಲ್ಲಿ ಇದೂ ಒಂದು.

ಗಣಿತದಲ್ಲಿ ಒಂದು ಲೇಖನವನ್ನು ಓದಿ, ಅರಗಿಸಿಕೊಂಡು, ಅದರ ಮೇಲೆ ಕಟ್ಟಿ, ತಜ್ಞರ ಪರಿಶೀಲನೆ ಮುಗಿದು ಅಚ್ಚಾಗುವಷ್ಟರಲ್ಲಿ ಎರಡು ವರ್ಷ ಸುಲಭವಾಗಿ ಕಳೆದಿರುತ್ತದೆ. ಜೀವವಿಜ್ಞಾನದಲ್ಲಿ ಅದೇ ಎರಡು ವರ್ಷದಲ್ಲಿ ಉಲ್ಲೇಖದ ಸುಗ್ಗಿಯೇ ಮುಗಿದಿರಬಹುದು. ಎರಡು ಶಾಸ್ತ್ರಗಳ ಪತ್ರಿಕೆಗಳನ್ನು ಈ ಅಂಕಿ ಹಿಡಿದು ಹೋಲಿಸುವುದು ರಾಗಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆದಂತೆ. ಬೋರ್ಡಿನಲ್ಲಿ ಬರೀ ಪ್ರಭಾವಾಂಕ ಎಂದು ಬರೆದರೆ ಹುಡುಗರು ಅದನ್ನು ತಮ್ಮ ಲೇಖನದ ಅಂಕ ಎಂದೇ ತಿಳಿಯುತ್ತಾರೆ. ಸಂಶೋಧನೆಯ ಮೌಲ್ಯಮಾಪನದ ಬಗ್ಗೆ ಬಂದ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ಮೊದಲ ಮಾತೇ ಅದು: ಪತ್ರಿಕೆಯ ಅಂಕಿಯನ್ನು ಒಂದು ಲೇಖನದ, ಒಬ್ಬ ವಿಜ್ಞಾನಿಯ ಗುಣದ ಅಳತೆಯಾಗಿ ಬಳಸಬೇಡಿ. ‘ಪತ್ರಿಕೆಯ ಪ್ರಭಾವಾಂಕ’ ಎಂದು ಪೂರ್ತಿ ಬರೆಯಿರಿ.

ಎಚ್ ಲೆಕ್ಕವನ್ನೂ ಬೋರ್ಡಿನಲ್ಲೇ ಉದಾಹರಣೆ ಕೊಟ್ಟು ತೋರಿಸಿ. ಲೇಖನಗಳನ್ನು ಉಲ್ಲೇಖದ ಇಳಿಕೆಯ ಕ್ರಮದಲ್ಲಿ ಜೋಡಿಸಿ: 48, 20, 9, 6, 5, 3. ಪಕ್ಕದಲ್ಲಿ 1ರಿಂದ ಕ್ರಮಸಂಖ್ಯೆ. ಐದನೆಯದಕ್ಕೆ 5 ಉಲ್ಲೇಖ ಇದೆ, ಆರನೆಯದಕ್ಕೆ ಬರೀ 3. ಎಚ್ = 5. ಮೊದಲ ಲೇಖನಕ್ಕೆ 48ರ ಬದಲು 4,800 ಬಂದರೂ ಎಚ್ ಐದೇ. ಇದು ಏರಬಹುದೇ ಹೊರತು ವಯಸ್ಸಾದಂತೆ ಇಳಿಯುವುದಿಲ್ಲ, ಆದ್ದರಿಂದ ಹೊಸಬರನ್ನೂ ನಿವೃತ್ತರನ್ನೂ ಇದರಲ್ಲಿ ತೂಗಬಾರದು.

ಗ್ರಂಥಪಾಲಕಿ:

ಮೇಷ್ಟ್ರೇ, ಉಪಕಾರವಾಯಿತು. ‘ಪತ್ರಿಕೆ’ ಎಂದರೆ ದಿನಪತ್ರಿಕೆ ಎಂದುಕೊಳ್ಳುವುದಿಲ್ಲವೇ? ಇನ್ನೊಂದು ಪ್ರಶ್ನೆ: ಎಚ್ ಬರೆಸಲೋ, ಹೆಚ್ ಬರೆಸಲೋ? ನಮ್ಮಲ್ಲೇ ಎರಡು ಪಂಗಡವಾಗಿದೆ.

ನಿಘಂಟುಪ್ರಿಯ:

ಹೆಚ್. ಊರ ತುಂಬ ಹೆಚ್.ಎಸ್.ಆರ್. ಲೇಔಟ್ ಎಂದೇ ಬರೆದಿದ್ದಾರೆ. ಅಕ್ಷರದ ಧ್ವನಿ ಹಕಾರ, ಹೆಸರಿನಲ್ಲೂ ಅದು ಕಾಣಲಿ.

ಕರಡು ತಿದ್ದುವವ:

ಎಚ್. ಅಕ್ಷರದ ಹೆಸರು ಎ-ಯಿಂದಲೇ ಶುರು. ಎಫ್, ಎಲ್, ಎಂ, ಎನ್ ಬರೆಯುವಾಗ ಧ್ವನಿಯನ್ನು ಮೊದಲಿಗೆ ತರುತ್ತೀರಾ? ಬೋರ್ಡುಗಳು ತಪ್ಪಾಗಿವೆ.

ಮಾಹಿತಿ ವಿಜ್ಞಾನ:

ಇಬ್ಬರೂ ಬಿಡಿ. ಅದನ್ನು ಹಿರ್ಶ್ ಸೂಚ್ಯಂಕ ಎಂದೂ ಕರೆಯುತ್ತಾರೆ. ‘ಹಿರ್ಶ್ ಸೂಚ್ಯಂಕ (ಎಚ್)’ ಎಂದು ಬರೆಸಿದರೆ ಹಕಾರವೂ ಉಳಿಯಿತು, ಎಚ್ ಕೂಡ. ಪತ್ರಿಕೆಯ ಗೊಂದಲಕ್ಕೆ ‘ಸಂಶೋಧನಾ ಪತ್ರಿಕೆ’ ಎಂದು ಹಾಕಿ. ಸಾಲು ಎರಡಾಗುತ್ತದೆ, ಆಗಲಿ.

ಅಚ್ಚಗನ್ನಡಿಗ:

‘ಉಲ್ಲೇಖ ಎಣಿಕೆ’ ಅಂತ ಮಾತ್ರ ಬರೆಸಬೇಡಿ. ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ. ನಿಮ್ಮ ಲಕ್ಷಣಕಾರರೇ ಬೇಡ ಅಂದಿದ್ದು. ನಯಸೇನ 1112ರಲ್ಲೇ ಕೇಳಿದ್ದ, ತುಪ್ಪಕ್ಕೆ ಎಣ್ಣೆ ಬೆರೆಸುವುದು ತಕ್ಕುದೇ ಎಂದು. ಕನ್ನಡಕ್ಕೆ ಕನ್ನಡವನ್ನೇ ಸೇರಿಸಿ.

ನಿಘಂಟುಪ್ರಿಯ:

ಸ್ವಾಮಿ, ಆ ನಯಸೇನನ ಕಾವ್ಯದ ಹೆಸರು ಧರ್ಮಾಮೃತ. ಎರಡು ಪದವೂ ಸಂಸ್ಕೃತ, ಸಂಧಿಯೂ ಸಂಸ್ಕೃತದ್ದು. ವ್ಯಾಕರಣಕಾರ ಕೇಶಿರಾಜನೂ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ.

ಮಾಹಿತಿ ವಿಜ್ಞಾನ:

ಬೆರಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಅಳತೆಯ ಶಾಸ್ತ್ರಕ್ಕೆ ಮೊದಮೊದಲು ಹೆಸರಿಟ್ಟವರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಒಬ್ಬರು. 1948ರಲ್ಲಿ ಅವರು ಸೂಚಿಸಿದ ಪದ ‘ಲೈಬ್ರಮೆಟ್ರಿ’: ಮೊದಲರ್ಧ ಲ್ಯಾಟಿನ್, ಎರಡನೆಯದು ಗ್ರೀಕ್. ಅದೂ ಅರಿಸಮಾಸವೇ. 1969ರಲ್ಲಿ ಬಂದ ‘ಬಿಬ್ಲಿಯೊಮೆಟ್ರಿಕ್ಸ್’ ಅಪ್ಪಟ ಗ್ರೀಕ್, ಬಳಕೆಯಲ್ಲಿ ಗೆದ್ದದ್ದೂ ಅದೇ. ಅಚ್ಚತನದಿಂದ ಗೆದ್ದಿತೆಂದಲ್ಲ, ಗ್ರಂಥಾಲಯದ ಕೆಲಸಕ್ಕಿಂತ ಬರಹದ ಎಣಿಕೆಯೇ ಮುಖ್ಯವಾದ ಕಾಲದಲ್ಲಿ ಬಂದದ್ದರಿಂದ. ರಂಗನಾಥನ್ 1962ರಲ್ಲಿ ಇದೇ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. (ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಟ್ಟಿದರು. ಅವರ ಊರಿನಲ್ಲಿ ಈ ಎಣಿಕೆಗೆ ಕನ್ನಡದ ಹೆಸರಿಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಚ್ಚಗನ್ನಡಿಗ:

ನೋವಿದ್ದರೆ ಕನ್ನಡದ ಬೇರಿನಿಂದ ಕಟ್ಟಿ. ‘ಬರಹದೆಣಿಕೆ’. ಮುಗಿಯಿತು.

ಮಾಹಿತಿ ವಿಜ್ಞಾನ:

‘ಬರಹದೆಣಿಕೆ’ ಚೆನ್ನಾಗಿದೆ. ಒಪ್ಪಿದೆ. ಶಾಸ್ತ್ರಕ್ಕೆ ಅದನ್ನೇ ಇಡೋಣ. ಸುಟ್ಟಿಕೆಗೆ ಮಾತ್ರ ಒಪ್ಪಿಗೆಯಿಲ್ಲ.

ಉಲ್ಲೇಖವನ್ನು ಇಷ್ಟು ಹಿಡಿದುಕೊಳ್ಳಲು ಇನ್ನೊಂದು ಕಾರಣವಿದೆ. ಅಲಂಕಾರಶಾಸ್ತ್ರದ ಉಲ್ಲೇಖಾಲಂಕಾರ ನೆನಪಿಸಿಕೊಳ್ಳಿ: ಒಂದೇ ವಸ್ತು ಬೇರೆ ಬೇರೆಯವರಿಗೆ ಬೇರೆ ಬೇರೆಯಾಗಿ ಕಾಣುವುದು. ಒಂದೇ ಲೇಖನವನ್ನು ಒಬ್ಬರು ವಿಧಾನಕ್ಕಾಗಿ, ಇನ್ನೊಬ್ಬರು ದತ್ತಾಂಶಕ್ಕಾಗಿ, ಮತ್ತೊಬ್ಬರು ಖಂಡಿಸಲಿಕ್ಕಾಗಿ ಉಲ್ಲೇಖಿಸುತ್ತಾರೆ. ಎಣಿಕೆ ಅಳಿಸಿಹಾಕುವ ಈ ಭೇದವನ್ನು ಪದವಾದರೂ ಒಳಗಿಟ್ಟುಕೊಂಡಿದೆ.

ಗಣಿತದ ಮೇಷ್ಟ್ರು:

ಅಲಂಕಾರದ ಮಾತು ಚೆನ್ನಾಗಿದೆ, ಬೋರ್ಡಿಗೆ ಅದರಿಂದ ಪ್ರಯೋಜನವಿಲ್ಲ. ಸ್ವೋಲ್ಲೇಖ ಬದಲಿಸಿ. ಸಂಧಿ ಬಿಡಿಸಲಾರದ ಹುಡುಗ ಅದನ್ನು ಏನೆಂದು ಓದಬೇಕು?

ಕರಡು ತಿದ್ದುವವ:

ಗುಣಸಂಧಿ ಸರಿಯಿದೆ. ಆದರೂ ಮೇಷ್ಟ್ರ ಮಾತು ಒಪ್ಪುತ್ತೇನೆ: ‘ಸ್ವಂತ ಉಲ್ಲೇಖ’. ಮತ್ತೆ ‘ಉಲ್ಲೇಖಗಳ ಎಣಿಕೆ’ ಎಂದು ಷಷ್ಠಿ ಹಾಕಿದರೆ ಅದು ಸಮಾಸವೇ ಅಲ್ಲ, ಅರಿ ಎಲ್ಲಿಂದ ಬಂತು.

ಮಾಹಿತಿ ವಿಜ್ಞಾನ:

ಬೋರ್ಡಿನ ಕೆಳಗೆ ಮೂರು ಸಾಲು ಸಣ್ಣ ಅಕ್ಷರದಲ್ಲಿ ಸೇರಿಸಿ, ಕೌಂಟರಿಗೆ ಬರುವ ಅರ್ಧ ಪ್ರಶ್ನೆ ಅಲ್ಲೇ ತೀರುತ್ತವೆ.

ಒಂದು, ಅಂಕಿಯ ಜೊತೆ ಎಲ್ಲಿಂದ, ಯಾವ ದಿನ ತೆಗೆದದ್ದು ಎಂದು ಬರೆಯಬೇಕು. ವೆಬ್ ಆಫ್ ಸೈನ್ಸ್, ಸ್ಕೋಪಸ್ ಎಂಬ ದತ್ತಸಂಚಯಗಳು ತಾವು ಆಯ್ದ ಪತ್ರಿಕೆ, ಪುಸ್ತಕಗಳನ್ನೇ ಎಣಿಸುತ್ತವೆ. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ಅಚ್ಚಾಗದ ಕರಡು ಎಲ್ಲವನ್ನೂ ಬಾಚುತ್ತದೆ, ಅದಕ್ಕೇ ಸಾಮಾನ್ಯವಾಗಿ ಅಲ್ಲಿನ ಸಂಖ್ಯೆ ದೊಡ್ಡದು. ಒಬ್ಬರದೇ ಎಚ್ ಮೂರು ಕಡೆ ಮೂರು ಬಗೆ.

ಎರಡು, ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ದತ್ತಸಂಚಯ ಕೇಳುವುದು ಮನೆತನದ ಹೆಸರನ್ನು. ಒಮ್ಮೆ ಇನಿಷಿಯಲ್ ಬಿಡಿಸಿ ಬರೆದು, ಒಮ್ಮೆ ಹಾಗೇ ಬಿಟ್ಟರೆ ಒಬ್ಬರೇ ಇಬ್ಬರಾಗುತ್ತಾರೆ, ಉಲ್ಲೇಖ ಹಂಚಿಹೋಗುತ್ತದೆ. ಮೊದಲ ಲೇಖನಕ್ಕೂ ಮುಂಚೆ ಒಂದು ರೂಪ ಗಟ್ಟಿಮಾಡಿ, ಸಂಶೋಧಕರಿಗೆ ಕೊಡುವ ಹದಿನಾರು ಅಂಕಿಗಳ ಆರ್ಕಿಡ್ (ORCID) ಗುರುತುಸಂಖ್ಯೆ ಪಡೆದು, ಎಲ್ಲೆಡೆ ಅದನ್ನೇ ಕೊಡಬೇಕು.

ಮೂರು, ಕನ್ನಡದ ಬರಹ. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆಯುವುದರಿಂದ ಒಂದೇ ಲೇಖನ ಸ್ಕಾಲರ್‌ನಲ್ಲಿ ಮೂರು ನಮೂದಾಗುತ್ತದೆ. ಪ್ರೊಫೈಲಿಗೆ ಹೋಗಿ, ಆ ನಮೂದುಗಳಿಗೆ ಗುರುತು ಹಾಕಿ, ವಿಲೀನದ ಗುಂಡಿ ಒತ್ತಿದರೆ ಒಂದಾಗುತ್ತವೆ. ಶಾಸನಾಧ್ಯಯನದವರಿಗೆ ಇದೂ ಸಾಲದು. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಅವರು ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಎಂದು ಅಡಿಟಿಪ್ಪಣಿಯಲ್ಲಿ ಸಂಕ್ಷೇಪಾಕ್ಷರದಲ್ಲಿ ಕೊಡುತ್ತಾರೆ. ವಿದ್ವತ್ತಿಗೆ ಅದಕ್ಕಿಂತ ಖಚಿತವಾದ ಉಲ್ಲೇಖ ಬೇರಿಲ್ಲ, ಯಂತ್ರದ ಕಣ್ಣಿಗೆ ಮಾತ್ರ ಅದು ಬೀಳುವುದೇ ಕಷ್ಟ. ಕನ್ನಡ ವಿಭಾಗದವರ ಎಚ್ ಸಣ್ಣದಿದ್ದರೆ ಕೌಂಟರಿನಲ್ಲಿ ಕೂತವರು ಇದನ್ನು ತಿಳಿದಿರಬೇಕು.

ಗ್ರಂಥಪಾಲಕಿ:

ಬರೆಯುವವರಿಗೆ ಇಷ್ಟು ಕಳಿಸುತ್ತಿದ್ದೇನೆ: ಉಲ್ಲೇಖಗಳ ಎಣಿಕೆ. ಉಲ್ಲೇಖ ಸೂಚಿ. ಹಿರ್ಶ್ ಸೂಚ್ಯಂಕ (ಎಚ್). ಸಂಶೋಧನಾ ಪತ್ರಿಕೆಯ ಪ್ರಭಾವಾಂಕ. ಸ್ವಂತ ಉಲ್ಲೇಖ. ಕೆಳಗೆ ಮೇಷ್ಟ್ರ ಆರು ಅಂಕಿಯ ಉದಾಹರಣೆ, ಆಮೇಲೆ ಮೂರು ಸಾಲು. ಕೌಂಟರಿನ ತಲೆಬರಹ ‘ಬರಹದೆಣಿಕೆ’.

ಅಚ್ಚಗನ್ನಡಿಗ:

ತಲೆಬರಹಕ್ಕೆ ನನ್ನ ಒಪ್ಪಿಗೆ. ಉಳಿದ ಐದಕ್ಕೆ ಇಲ್ಲ.

ಕರಡು ತಿದ್ದುವವ:

ಬಣ್ಣ ಹಚ್ಚುವ ಮೊದಲು ಪೆನ್ಸಿಲ್ ಗೆರೆಯ ಫೋಟೊ ಹಾಕಿ ಮೇಡಂ. ‘ಉಲ್ಲೇಕ’ ಆಗಿರುತ್ತದೆ, ‘ಸೂಚ್ಯಾಂಕ’ ಆಗಿರುತ್ತದೆ. ಹತ್ತೂವರೆಗೆ ನೋಡಿ ಹೇಳುತ್ತೇನೆ.